ನರಮನೋವಿಜ್ಞಾನದ ಪೂರ್ಣ ಪರೀಕ್ಷೆ: ತಂದೆಯವರನ್ನು ಕರೆದೊಯ್ದ ಮಗಳೊಬ್ಬಳ ವಿಮರ್ಶೆ

ನಮ್ಮ ತಂದೆಯವರಿಗೆ ಈಗ 71 ವರ್ಷ. ಅವರು 34 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಎರಡು ವರ್ಷಗಳಿಂದ ಪರಿಚಿತರ ಹೆಸರುಗಳು ಅವರ ನಾಲಿಗೆಯ ತುದಿಗೆ ಬಂದು ನಿಲ್ಲತೊಡಗಿದ್ದವು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು. ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಮನೆಯ ಲೆಕ್ಕಪತ್ರಕ್ಕೆ ಇಡೀ ಬೆಳಗು ಹಿಡಿಯುತ್ತಿತ್ತು. ನರರೋಗ ತಜ್ಞರು ಎಂಆರ್‌ಐ ನೋಡಿದ ಬಳಿಕ, ಸ್ಕ್ಯಾನ್ ಒಂದರಿಂದಲೇ ತೀರ್ಮಾನಿಸುವಂತಿಲ್ಲ ಎಂದು ಹೇಳಿ, ನ್ಯೂರೋಸೈಕಾಲಜಿ ವಿಭಾಗದಲ್ಲಿ, ಅಂದರೆ ನೆನಪು, ಗಮನ, ಯೋಚನೆಗಳನ್ನು ಅಳೆದು ಮಿದುಳಿನ ಸ್ಥಿತಿಯನ್ನು ತಿಳಿಯುವ ನರಮನೋವಿಜ್ಞಾನ ವಿಭಾಗದಲ್ಲಿ, ಪೂರ್ಣ ಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ಒಂದು ಗಂಟೆಯ ಸಂದರ್ಶನ, ಎರಡು ಬೆಳಗಿನಲ್ಲಿ ಹಂಚಿದ ಸುಮಾರು ಐದು ಗಂಟೆಗಳ ಪರೀಕ್ಷೆಗಳು, ಮೂರು ವಾರಗಳ ನಂತರ ವರದಿ, ಆಮೇಲೆ ಒಂದು ಗಂಟೆಯ ಸಮಾಲೋಚನೆ: ನಾನು ಇಲ್ಲಿ ವಿಮರ್ಶಿಸುತ್ತಿರುವ ಸೇವೆ ಇಷ್ಟು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆ ನಡೆಸಿದ ರೀತಿ ಮತ್ತು ಕೊನೆಯ ಸಮಾಲೋಚನೆ ಅತ್ಯುತ್ತಮವಾಗಿದ್ದವು. ಲಿಖಿತ ವರದಿ ಮಾತ್ರ ಅದನ್ನು ಓದಬೇಕಾದ ಮನೆಯವರನ್ನು ಮರೆತು ಬರೆದಂತಿತ್ತು.

ಇಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಹತ್ತು ನಿಮಿಷದ ತಪಾಸಣೆ ಆಗಿತ್ತು. ಬಳಸಿದ್ದು ಮಾಂಟ್ರಿಯಲ್ ಕಾಗ್ನಿಟಿವ್ ಅಸೆಸ್‌ಮೆಂಟ್ ಎಂಬ, 2005ರಲ್ಲಿ ಪ್ರಕಟವಾಗಿ ಈಗ ಎಲ್ಲೆಡೆ ಚಾಲ್ತಿಯಲ್ಲಿರುವ, ಒಂದೇ ಹಾಳೆಯ ಪರೀಕ್ಷೆ. ಒಟ್ಟು 30 ಅಂಕಗಳಿದ್ದು, 26 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಹಜವೆಂದು ಅದರ ಮೂಲ ಸೂಚನೆ. ತಂದೆಯವರಿಗೆ 21 ಬಂದಿತ್ತು. ಅಷ್ಟರ ಮೇಲೆಯೇ "ಡಿಮೆನ್ಷಿಯಾ ಶುರುವಾಗಿದೆ" ಎಂಬ ಮಾತನ್ನು ಅವರ ಎದುರಿನಲ್ಲಿಯೇ ಹೇಳಿ ಕಳುಹಿಸಿದರು. ಆ ದಿನ ಅವರು ಶ್ರವಣಸಾಧನ ಹಾಕಿಕೊಂಡಿರಲಿಲ್ಲ. ಅದನ್ನು ಯಾರೂ ವಿಚಾರಿಸಲಿಲ್ಲ, ನನಗೂ ಹೊಳೆಯಲಿಲ್ಲ. ಆ ಹಾಳೆಯಲ್ಲಿ ಐದು ಪದಗಳನ್ನು ನೆನಪಿಟ್ಟು ಹೇಳುವುದಕ್ಕೆ ಐದು ಅಂಕ, ಅಂಕಿಗಳನ್ನು ಕೇಳಿ ಹಿಂದಿರುಗಿಸುವುದಕ್ಕೆ, ವಾಕ್ಯವನ್ನು ಕೇಳಿ ಹಾಗೆಯೇ ಹೇಳುವುದಕ್ಕೆ ಬೇರೆ ಅಂಕಗಳು. ಕಿವಿ ಸರಿಯಾಗಿ ಕೇಳಿಸದವರು ಇವುಗಳಲ್ಲೆಲ್ಲ ಅಂಕ ಕಳೆದುಕೊಳ್ಳಬಹುದು, ಮತ್ತು ಆ ನಷ್ಟವೆಲ್ಲ ಮರೆವಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಂತಹ ಕಿರು ಪರೀಕ್ಷೆಯ ಉದ್ದೇಶ, ಹೆಚ್ಚಿನ ಪರೀಕ್ಷೆ ಬೇಕೋ ಬೇಡವೋ ಎಂದು ತಿಳಿಯುವುದು. ಅದನ್ನೇ ತೀರ್ಪಾಗಿ ಹೇಳಿದ್ದರಿಂದ ನಮ್ಮ ಮನೆಯಲ್ಲಿ ಎರಡು ತಿಂಗಳು ಯಾರಿಗೂ ಸರಿಯಾಗಿ ನಿದ್ರೆ ಬರಲಿಲ್ಲ.

ಪೂರ್ಣ ಪರೀಕ್ಷೆಯ ಮೊದಲ ಹೆಜ್ಜೆಯಲ್ಲಿಯೇ ವ್ಯತ್ಯಾಸ ಕಂಡಿತು. ನರಮನೋವಿಜ್ಞಾನಿಯವರು ಮೊದಲು ಕೇಳಿದ ಪ್ರಶ್ನೆಯೇ ಕನ್ನಡಕ ಮತ್ತು ಶ್ರವಣಸಾಧನದ ಬಗ್ಗೆ. ಬಳಿಕ ಎಷ್ಟು ವರ್ಷ ಓದಿದ್ದಾರೆ, ಯಾವ ಭಾಷೆಯಲ್ಲಿ ಓದಿದ್ದಾರೆ, ಬರೆಯುವುದು ಯಾವ ಕೈಯಿಂದ, ರಾತ್ರಿ ಗೊರಕೆಯ ನಡುವೆ ಉಸಿರು ನಿಂತಂತೆ ಅನಿಸುತ್ತದೆಯೇ, ಇತ್ತೀಚೆಗೆ ಬಿದ್ದಿದ್ದಾರೆಯೇ, ಮನಸ್ಸು ಹೇಗಿದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಔಷಧಗಳ ಪಟ್ಟಿಯನ್ನು ಓದುವಾಗ ನಿದ್ರೆಗೆಂದು ತೆಗೆದುಕೊಳ್ಳುತ್ತಿದ್ದ ಒಂದು ಮಾತ್ರೆಯ ಹೆಸರಿನ ಕೆಳಗೆ ಗೆರೆ ಎಳೆದರು. ಅಲರ್ಜಿಗೂ ಬಳಸುವ ಆ ಬಗೆಯ ಹಳೆಯ ಮಾತ್ರೆಗಳು ಅಸೆಟೈಲ್‌ಕೋಲಿನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ, ವಯಸ್ಸಾದವರಲ್ಲಿ ನೆನಪನ್ನೂ ಗಮನವನ್ನೂ ಮಂಕಾಗಿಸುತ್ತವೆ ಎಂಬುದನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಲ್ಲಿ. ನಂತರ ನನ್ನನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಹಣದ ವ್ಯವಹಾರ, ಮಾತ್ರೆಗಳ ಸಮಯ, ಗೊತ್ತಿರುವ ದಾರಿ ಇವುಗಳಲ್ಲಿ ಯಾವುದನ್ನು ಅವರು ಇನ್ನೂ ಸ್ವತಃ ನೋಡಿಕೊಳ್ಳುತ್ತಾರೆ ಎಂದು ವಿಚಾರಿಸಿದರು. "ಮರೆತಿದ್ದನ್ನು ಸ್ವಲ್ಪ ಸುಳಿವು ಕೊಟ್ಟರೆ ನೆನಪಾಗುತ್ತದೆಯೋ, ಅಥವಾ ಆ ಸಂಗತಿ ನಡೆದೇ ಇಲ್ಲವೆನ್ನುವಂತೆ ನೋಡುತ್ತಾರೋ?" ಎಂದು ಅವರು ಕೇಳಿದಾಗ ಅದೊಂದು ಸಾಧಾರಣ ಪ್ರಶ್ನೆಯೆಂದೇ ಉತ್ತರಿಸಿದೆ. ಇಡೀ ಪರೀಕ್ಷೆ ಆ ಪ್ರಶ್ನೆಯ ಸುತ್ತಲೇ ನಡೆಯಿತೆಂದು ಆಮೇಲೆ ಅರ್ಥವಾಯಿತು.

ಪರೀಕ್ಷೆಯ ಕೋಣೆಯೊಳಗೆ ಮನೆಯವರಿಗೆ ಪ್ರವೇಶವಿಲ್ಲ. ಮೊದಲು ನನಗೆ ಇದು ಸರಿಯೆನಿಸಲಿಲ್ಲ. ಆದರೆ ಮಗಳು ಪಕ್ಕದಲ್ಲಿದ್ದರೆ ಅಪ್ಪ ಅವಳ ಮುಖ ನೋಡುತ್ತಾರೆ, ಅವಳು ತಿಳಿಯದೆಯೇ ತುಟಿ ಅಲುಗಿಸುತ್ತಾಳೆ, ಮತ್ತು ಹೋಲಿಕೆಗೆ ಬಳಸುವ ಅಂಕಗಳೆಲ್ಲ ಪರೀಕ್ಷಾರ್ಥಿ ಒಬ್ಬರೇ ಕುಳಿತಿದ್ದಾಗ ಸಂಗ್ರಹಿಸಿದವು ಎಂದು ಅವರು ವಿವರಿಸಿದ ಮೇಲೆ ಒಪ್ಪಿಕೊಂಡೆ. "ಏನಮ್ಮಾ, ಇಷ್ಟು ವರ್ಷ ಪರೀಕ್ಷೆ ಕೊಟ್ಟವನಿಗೇ ಪರೀಕ್ಷೆಯೇ?" ಎಂದು ತಂದೆಯವರು ಕೇಳಿದರಂತೆ. "ಸರ್, ಇದರಲ್ಲಿ ಪಾಸು ಫೇಲು ಇಲ್ಲ. ಎಲ್ಲರಿಗೂ ಒಂದು ಹಂತದಲ್ಲಿ ಕಷ್ಟವಾಗಲೇಬೇಕು, ಹಾಗೆಯೇ ಇದನ್ನು ಮಾಡಿರುವುದು" ಎಂಬ ಉತ್ತರ ಬಂದಿತಂತೆ. ಆ ಒಂದು ಮಾತಿನಿಂದ ಅವರ ಹೆದರಿಕೆ ಅರ್ಧ ಇಳಿಯಿತೆಂದು ಸಂಜೆ ಅವರೇ ಹೇಳಿದರು.

ನೆನಪಿನ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಈ ಸೇವೆಯ ಬೆಲೆ ಅದರಲ್ಲಿಯೇ ನನಗೆ ತಿಳಿದದ್ದು. (ಪದಗಳನ್ನು ಇಲ್ಲಿ ಹೇಳುವುದಿಲ್ಲ, ನನಗೆ ತೋರಿಸಲೂ ಇಲ್ಲ, ಅವು ಹೊರಗೆ ಹರಡಿದರೆ ಮುಂದೆ ಬರುವವರ ಪರೀಕ್ಷೆ ಕೆಡುತ್ತದೆ.) ಹದಿನೈದು ಪದಗಳ ಪಟ್ಟಿಯನ್ನು ಐದು ಬಾರಿ ಓದಿ, ಪ್ರತಿ ಬಾರಿಯೂ ನೆನಪಿರುವಷ್ಟನ್ನು ಹೇಳಿಸುತ್ತಾರೆ. ತಂದೆಯವರು ಕ್ರಮವಾಗಿ 4, 6, 7, 8, 9 ಪದಗಳನ್ನು ಹೇಳಿದರು. ಅಂದರೆ ಕಲಿಕೆ ನಿಧಾನವಾದರೂ ಏರುತ್ತಿತ್ತು. ಆಮೇಲೆ ಬೇರೊಂದು ಪಟ್ಟಿಯನ್ನು ಓದಿ ಮನಸ್ಸನ್ನು ಅತ್ತ ತಿರುಗಿಸಿ, ಇಪ್ಪತ್ತು ನಿಮಿಷ ಮಾತಿಲ್ಲದ ಬೇರೆ ಕೆಲಸಗಳನ್ನು ಕೊಟ್ಟು, ಮೊದಲ ಪಟ್ಟಿಯನ್ನು ಮತ್ತೆ ಕೇಳಿದಾಗ ಬಂದದ್ದು ನಾಲ್ಕೇ ಪದ. ಪರೀಕ್ಷೆ ಇಲ್ಲಿಗೇ ನಿಂತಿದ್ದರೆ ಹಿಂದಿನವರು ಹೇಳಿದ್ದೇ ನಿಜವೆಂದು ನಾವು ನಂಬಬೇಕಾಗುತ್ತಿತ್ತು. ಆದರೆ ಅದೇ ಪದಗಳನ್ನು ಬೇರೆ ಪದಗಳ ನಡುವೆ ಬೆರೆಸಿ, "ಇದು ಪಟ್ಟಿಯಲ್ಲಿತ್ತೇ, ಇರಲಿಲ್ಲವೇ?" ಎಂದು ಒಂದೊಂದಾಗಿ ಕೇಳಿದಾಗ, ಅವರು ಹದಿನೈದರಲ್ಲಿ ಹದಿನಾಲ್ಕನ್ನು ಗುರುತಿಸಿದರು, ಇಲ್ಲದ ಪದವನ್ನು ಇತ್ತೆಂದದ್ದು ಒಮ್ಮೆ ಮಾತ್ರ. ಗುರುತಿಸುವುದು ಎಲ್ಲರಿಗೂ ಸುಲಭವೇ. ಆದ್ದರಿಂದ ಅದನ್ನೂ ಅವರ ವಯಸ್ಸಿನವರ ಅಂಕಗಳ ಜೊತೆ ಹೋಲಿಸಿ ನೋಡಿದರು. ಹೋಲಿಕೆಯಲ್ಲಿ ತಾವಾಗಿ ನೆನೆದು ಹೇಳುವುದು ಬಹಳ ಕೆಳಗಿತ್ತು, ಗುರುತಿಸುವುದು ಸಹಜವಾಗಿತ್ತು. ಪದಗಳು ಒಳಗೆ ಉಳಿದಿದ್ದವು. ಬೇಕೆಂದಾಗ ಹೊರತೆಗೆಯುವ ದಾರಿ ನಿಧಾನವಾಗಿತ್ತು.

ಈ ಭೇದ ಏಕೆ ಮುಖ್ಯವೆಂದರೆ, ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ತಾಗುವುದು ಮಿದುಳಿನೊಳಗಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಮತ್ತು ಅದರ ನೆರೆಯ ಭಾಗಗಳನ್ನು. ಅಲ್ಲಿ ಪೆಟ್ಟಾದರೆ ಹೊಸ ಸಂಗತಿ ದಾಖಲಾಗುವುದೇ ಕಷ್ಟ, ಹೀಗಾಗಿ ಸುಳಿವು ಕೊಟ್ಟರೂ ಹೆಚ್ಚು ಪ್ರಯೋಜನವಾಗುವುದಿಲ್ಲ. ನರಮನೋವಿಜ್ಞಾನಕ್ಕೆ ಈ ತಿಳಿವಳಿಕೆ ಬಂದದ್ದು ಬಹುಮಟ್ಟಿಗೆ ಒಬ್ಬ ಮನುಷ್ಯನ ಋಣದಿಂದ. ಮೂರ್ಛೆರೋಗದ ಚಿಕಿತ್ಸೆಗೆಂದು 1953ರಲ್ಲಿ ಹೆನ್ರಿ ಮೊಲೈಸನ್ ಅವರ ಮಿದುಳಿನ ಎರಡೂ ಬದಿಯ ಆ ಭಾಗಗಳನ್ನು ತೆಗೆದ ನಂತರ, ಅವರು 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಅನುಭವಗಳನ್ನು ನೆನಪಿಟ್ಟುಕೊಳ್ಳಲಾರದೆ ಬದುಕಿದರು. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯನ್ನು ತಿದ್ದುವ ಕೆಲಸದಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿತು, ಹಿಂದಿನ ದಿನ ಅದನ್ನು ಮಾಡಿದ್ದ ನೆನಪು ಅವರಿಗೆ ಇಲ್ಲದಿದ್ದರೂ. ಅವರನ್ನು ವರ್ಷಗಟ್ಟಲೆ ಪರೀಕ್ಷಿಸಿದ ನರಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರ ಕೆಲಸದಿಂದ, ನೆನಪೆಂಬುದು ಒಂದೇ ಶಕ್ತಿಯಲ್ಲ, ಬೇರೆ ಬೇರೆ ಬಗೆಗಳಾಗಿ ಮಿದುಳಿನ ಬೇರೆ ಬೇರೆ ಭಾಗಗಳನ್ನು ಅವಲಂಬಿಸಿದೆ ಎಂಬುದು ಗಟ್ಟಿಯಾಯಿತು. "ನೆನಪು ಹೋಗಿದೆ" ಎಂಬ ಮಾತನ್ನು ನಾನು ಈಗ ಅಷ್ಟು ಸುಲಭವಾಗಿ ಆಡಲಾರೆ.

ಚಿತ್ರ ನಕಲು ಮಾಡುವ ಪರೀಕ್ಷೆಯೂ ಅಷ್ಟೇ ಚೆನ್ನಾಗಿ ನಡೆಯಿತು. ಆಂದ್ರೆ ರೇ ಎಂಬ ಸ್ವಿಸ್ ಮನೋವಿಜ್ಞಾನಿ 1941ರಲ್ಲಿ ರೂಪಿಸಿದ ಈ ಜಟಿಲ ರೇಖಾಚಿತ್ರಕ್ಕೆ 18 ಅಂಗಗಳು, 36 ಅಂಕಗಳು. ಇಲ್ಲಿ ಅಂಕದಷ್ಟೇ ಮುಖ್ಯವಾದದ್ದು ಬಿಡಿಸಿದ ಕ್ರಮ. ದೊಡ್ಡ ಚೌಕಟ್ಟನ್ನು ಮೊದಲು ಹಾಕಿದರೋ, ಒಂದು ಮೂಲೆಯ ಸಣ್ಣ ಗೆರೆಯಿಂದ ಹೊರಟು ದಾರಿ ತಪ್ಪಿದರೋ ಎಂಬುದನ್ನು ಪರೀಕ್ಷಕರು ಪ್ರತಿ ಹಂತದಲ್ಲೂ ಗುರುತು ಹಾಕಿಕೊಳ್ಳುತ್ತಾರೆ. ತಪ್ಪನ್ನು ಎಣಿಸಿ ಬಿಡದೆ, ತಪ್ಪು ಹೇಗಾಯಿತೆಂದು ನೋಡುವ ಈ ಪದ್ಧತಿಯನ್ನು ಅಮೆರಿಕದ ಬೋಸ್ಟನ್ನಿನಲ್ಲಿ ಬೆಳೆಸಿದವರು ನರಮನೋವಿಜ್ಞಾನಿ ಈಡಿತ್ ಕಪ್ಲಾನ್. ಬಣ್ಣದ ಘನಗಳನ್ನು ಜೋಡಿಸಿ ಮಾದರಿಯಂತೆ ಮಾಡಿಸುವಾಗ, ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಒಟ್ಟು ಚೌಕದ ಆಕಾರವೇ ಮುರಿಯುವುದುಂಟು, ಎಡಭಾಗಕ್ಕೆ ಪೆಟ್ಟಾದವರಲ್ಲಿ ಆಕಾರ ಉಳಿದು ಒಳಗಿನ ವಿವರ ತಪ್ಪುವುದುಂಟು. ಅಂಕ ಇಬ್ಬರಿಗೂ ಒಂದೇ ಬರಬಹುದು. ಗಣಿತದ ಮೇಷ್ಟ್ರಾಗಿ ತಂದೆಯವರು ಯಾವಾಗಲೂ ಉತ್ತರಕ್ಕಿಂತ ಲೆಕ್ಕದ ಹಂತಗಳನ್ನು ನೋಡಿ ಅಂಕ ಕೊಡುತ್ತಿದ್ದವರು. ಈ ವಿಷಯ ತಿಳಿದಾಗ ಅವರಿಗೆ ಬಹಳ ಸಂತೋಷವಾಯಿತು. ಅವರ ಚಿತ್ರದಲ್ಲಿ ಚೌಕಟ್ಟು ಮೊದಲು ಬಂದಿತ್ತು, ಯೋಜನೆ ಸರಿಯಾಗಿತ್ತು, ಸಮಯ ಮಾತ್ರ ಹೆಚ್ಚು ಹಿಡಿದಿತ್ತು. ಅಂಕಿಗಳನ್ನು ಕ್ರಮವಾಗಿ ಗೆರೆಯಿಂದ ಸೇರಿಸುವ ಪರೀಕ್ಷೆಯಲ್ಲಿಯೂ ಅದೇ ಕಥೆ: ನಿಧಾನ, ಆದರೆ ಒಂದು ತಪ್ಪೂ ಇಲ್ಲ.

ಅಂಕಗಳನ್ನು ಓದುವ ಕ್ರಮವನ್ನು ಅವರು ತಾಳ್ಮೆಯಿಂದ ವಿವರಿಸಿದರು. ಸರಾಸರಿಯನ್ನು 100 ಎಂದಿಟ್ಟುಕೊಂಡ ಅಳತೆಯಲ್ಲಿ 85 ಬಂದವರು ತಮ್ಮ ವಯಸ್ಸಿನ ನೂರು ಜನರಲ್ಲಿ ಸುಮಾರು 16 ಜನರಿಗಿಂತ ಮೇಲಿರುತ್ತಾರೆ, 70 ಬಂದವರು ಸುಮಾರು ಇಬ್ಬರಿಗಿಂತ ಮೇಲಿರುತ್ತಾರೆ. ಇಪ್ಪತ್ತು ಪರೀಕ್ಷೆಗಳನ್ನು ಕೊಟ್ಟರೆ ಆರೋಗ್ಯವಂತರಿಗೂ ಒಂದೆರಡರಲ್ಲಿ ಕಡಿಮೆ ಅಂಕ ಬರುವುದು ಸಾಮಾನ್ಯ, ಆದ್ದರಿಂದ ಒಂಟಿ ಅಂಕವನ್ನು ಹಿಡಿದು ರೋಗದ ಹೆಸರು ಹೇಳಬಾರದು ಎಂಬ ಮಾತು ನನ್ನಲ್ಲಿ ನಿಂತಿದೆ. ಇದಕ್ಕೆ ಪ್ರತಿಯಾಗಿ, ಜೀವನಪೂರ್ತಿ ಲೆಕ್ಕದಲ್ಲಿ ಮುಂದಿದ್ದವರಿಗೆ ಈಗ ಸರಾಸರಿ ಅಂಕ ಬಂದರೆ ಅದು ಕುಸಿತವೇ ಆಗಿರಬಹುದು. ಹೀಗಾಗಿ ಓದು, ವೃತ್ತಿ ಮತ್ತು ಶಬ್ದಜ್ಞಾನದ ಆಧಾರದ ಮೇಲೆ ಹಿಂದೆ ಅವರು ಯಾವ ಮಟ್ಟದಲ್ಲಿದ್ದಿರಬಹುದೆಂದು ಅಂದಾಜು ಮಾಡಿ, ಇಂದಿನ ಅಂಕವನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತಾರೆ.

ಭಾಷೆಯ ವಿಷಯದಲ್ಲಿ ಅವರ ಪ್ರಾಮಾಣಿಕತೆ ನನಗೆ ವಿಶೇಷವಾಗಿ ಇಷ್ಟವಾಯಿತು. ಈ ಕ್ಷೇತ್ರದ ಪ್ರಸಿದ್ಧ ಪರೀಕ್ಷೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಥವಾ ಯೂರೋಪಿನ ಇತರ ಭಾಷೆಗಳಲ್ಲಿ ಹುಟ್ಟಿದವು. ಪದಗಳನ್ನು ಅನುವಾದಿಸಿದ ಮಾತ್ರಕ್ಕೆ ಪರೀಕ್ಷೆ ಅನುವಾದವಾಗುವುದಿಲ್ಲ. ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳಿಸುವ ಪರೀಕ್ಷೆಯನ್ನೇ ನೋಡಿ. ಕನ್ನಡದಲ್ಲಿ 'ಕ' ಎಂದರೆ ಕಮಲ ಮಾತ್ರವೇ, ಕಾಗುಣಿತವೆಲ್ಲ ಸೇರಿ ಕಿಟಕಿ, ಕುದುರೆ, ಕೋಟೆಗಳೂ ಲೆಕ್ಕಕ್ಕೆ ಬರುತ್ತವೆಯೇ ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಅಂಕಕ್ಕೆ ಅರ್ಥವೇ ಇರುವುದಿಲ್ಲ. ಅಂಕಿಗಳನ್ನು ಕೇಳಿ ಹಿಂದಿರುಗಿಸುವ ಪರೀಕ್ಷೆಯಲ್ಲಿ, ಅಂಕಿಗಳ ಹೆಸರು ಉದ್ದವಾಗಿರುವ ಭಾಷೆಯವರಿಗೆ ಒಮ್ಮೆಗೆ ಹಿಡಿದಿಡಬಹುದಾದ ಅಂಕಿಗಳ ಸಂಖ್ಯೆ ಕಡಿಮೆಯಾಗುತ್ತದೆ. ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಸೇರಿಸುವ ಪರೀಕ್ಷೆಗೆ ಬದಲಾಗಿ, ಅಕ್ಷರಗಳ ಜಾಗದಲ್ಲಿ ಎರಡು ಬಣ್ಣಗಳನ್ನು ಬಳಸುವ ರೂಪವೊಂದಿದೆ. ತಂದೆಯವರಿಗೆ ಕೊಟ್ಟದ್ದು ಅದನ್ನೇ. ಯಾವ ಪರೀಕ್ಷೆಗೆ ಅವರ ಭಾಷೆ ಮತ್ತು ಓದಿನವರ ಅಂಕಗಳು ಹೋಲಿಕೆಗೆ ಸಾಕಷ್ಟಿಲ್ಲವೋ, ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ಬರೆದು, ಆ ಅಂಕಕ್ಕೆ ಕಡಿಮೆ ತೂಕ ಕೊಟ್ಟಿದ್ದಾರೆ.

ಪರೀಕ್ಷಾರ್ಥಿ ಮನಸ್ಸಿಟ್ಟು ಪ್ರಯತ್ನಿಸುತ್ತಿದ್ದಾರೆಯೇ ಎಂದು ಅಳೆಯುವ ಪರೀಕ್ಷೆಯೂ ನಡುವೆ ಇತ್ತೆಂದು ಆಮೇಲೆ ಗೊತ್ತಾಗಿ ನನಗೆ ಸ್ವಲ್ಪ ನೋವಾಯಿತು. ಅದು ಅನುಮಾನದಿಂದ ಮಾಡುವುದಲ್ಲ, ದಣಿವು, ನೋವು ಅಥವಾ ನಿರಾಸಕ್ತಿಯಿಂದ ಕೈಬಿಟ್ಟವರ ಅಂಕವನ್ನು ಕಾಯಿಲೆಯೆಂದು ಓದದಿರಲು ಬೇಕು ಎಂಬ ವಿವರಣೆ ಒಪ್ಪುವಂತಿತ್ತು. ಕೆಲವು ಭಾಗಗಳನ್ನು ನಡೆಸಿದವರು ತರಬೇತಿಯಲ್ಲಿದ್ದ ವಿದ್ಯಾರ್ಥಿನಿ. ತಂದೆಯವರು ಹೇಳಿದ ತಪ್ಪು ಪದಗಳನ್ನೂ ಆಕೆ ಹಾಗೆಯೇ ಬರೆದುಕೊಂಡಿದ್ದರು, ಸೆಕೆಂಡಿಗೆ ಒಂದರಂತೆ ಏರಿಳಿತವಿಲ್ಲದೆ ಅಂಕಿಗಳನ್ನು ಓದಿದ್ದರು, ಉತ್ತರ ಸರಿಯೋ ತಪ್ಪೋ ಎಂಬುದನ್ನು ಮುಖದಲ್ಲಿ ತೋರಗೊಡಲಿಲ್ಲವಂತೆ. ಈ ವಿಷಯವನ್ನು ಓದಬೇಕೆಂದಿರುವವರು, ಪುಸ್ತಕದಲ್ಲಿ ಮಿದುಳಿನ ಭಾಗಗಳ ಹೆಸರು ಕಲಿಯುವಷ್ಟೇ ಶ್ರದ್ಧೆಯಿಂದ ಈ ಕೋಣೆಯ ಶಿಸ್ತನ್ನೂ ಕಲಿಯಬೇಕಾಗುತ್ತದೆ.

ಸಮಾಲೋಚನೆಯ ದಿನ ನರಮನೋವಿಜ್ಞಾನಿಯವರು ನನ್ನ ಕಡೆಗಲ್ಲ, ತಂದೆಯವರ ಕಡೆಗೆ ತಿರುಗಿ ಕುಳಿತು ಮಾತನಾಡಿದರು. "ಸರ್, ನಿಮ್ಮ ಕಪಾಟಿನಲ್ಲಿ ಪುಸ್ತಕಗಳೆಲ್ಲ ಇವೆ. ಹುಡುಕಿ ತೆಗೆಯಲು ಹೊತ್ತು ಹಿಡಿಯುತ್ತಿದೆ" ಎಂದು ಆರಂಭಿಸಿ, ಪರೀಕ್ಷೆಯಲ್ಲಿ ಕಂಡದ್ದು ಆಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರವಲ್ಲವೆಂದೂ, ಯೋಚನೆಯ ವೇಗ ಕುಗ್ಗಿದೆಯೆಂದೂ, ಎಂಆರ್‌ಐಯಲ್ಲಿ ಕಂಡ ಸಣ್ಣ ರಕ್ತನಾಳಗಳ ಬದಲಾವಣೆಗೆ ಅದು ಹೊಂದುತ್ತದೆಯೆಂದೂ ವಿವರಿಸಿದರು. ದಿನನಿತ್ಯದ ವ್ಯವಹಾರವನ್ನು ಅವರೇ ನೋಡಿಕೊಳ್ಳುತ್ತಿರುವುದರಿಂದ ಇದನ್ನು ಡಿಮೆನ್ಷಿಯಾ ಎನ್ನುವುದಿಲ್ಲ, ಸೌಮ್ಯ ಅರಿವಿನ ತೊಂದರೆ ಎನ್ನುತ್ತಾರೆ ಎಂದರು. ನಿದ್ರೆಯಲ್ಲಿ ಉಸಿರು ಕಟ್ಟುವುದು, ಮನಸ್ಸಿನ ಖಿನ್ನತೆ, ಆ ನಿದ್ರೆಯ ಮಾತ್ರೆ ಈ ಮೂರೂ ಅದನ್ನು ಹೆಚ್ಚಿಸುತ್ತಿರಬಹುದು, ಮೂರಕ್ಕೂ ಮಾಡಬಹುದಾದದ್ದು ಇದೆ ಎಂದು ಹೇಳಿ ನರರೋಗ ತಜ್ಞರಿಗೂ ಬರೆದರು. ಮುಂದೆ ಎಂದಿಗೂ ಬೇರೆ ಕಾಯಿಲೆ ಬಾರದು ಎಂಬ ಭರವಸೆಯನ್ನು ಮಾತ್ರ ಕೊಡಲಿಲ್ಲ. ತಂದೆಯವರೇ ಕೇಳಿದಾಗಲೂ ಕೊಡಲಿಲ್ಲ. ಹನ್ನೆರಡು ತಿಂಗಳ ನಂತರ ಮತ್ತೆ ನೋಡೋಣ, ಅಭ್ಯಾಸಬಲದಿಂದ ಅಂಕ ಏರಬಾರದೆಂದು ಆಗ ಬೇರೆ ಪದಗಳ ಪಟ್ಟಿ ಬಳಸುತ್ತೇವೆ ಎಂದರು.

ಇಷ್ಟು ಚೆನ್ನಾಗಿ ಮಾತಿನಲ್ಲಿ ಹೇಳಿದ್ದು ಕಾಗದದ ಮೇಲೆ ಇರಲಿಲ್ಲ ಎಂಬುದೇ ನನ್ನ ದೊಡ್ಡ ದೂರು. ವರದಿ ಹದಿನಾಲ್ಕು ಪುಟ, ಅದೂ ಇಂಗ್ಲಿಷಿನಲ್ಲಿ. ನಾಲ್ಕು ಪುಟ ತುಂಬ ಕೋಷ್ಟಕಗಳು. ನಮಗೆ ಬೇಕಾದ ತೀರ್ಮಾನ ಹನ್ನೆರಡನೆಯ ಪುಟದಲ್ಲಿ. ವರದಿ ಸಮಾಲೋಚನೆಗೆ ಎರಡು ದಿನ ಮೊದಲೇ ಕೈಸೇರಿತ್ತು. ಆ ಎರಡು ದಿನ ತಂದೆಯವರು ಶಬ್ದಕೋಶ ಹಿಡಿದು ಒಂದೊಂದು ಸಾಲನ್ನೂ ಓದಿ, 'ಕೊರತೆ' ಎಂಬ ಅರ್ಥದ ಪದ ಎಷ್ಟು ಬಾರಿ ಬಂದಿದೆಯೆಂದು ಎಣಿಸಿ, ನನ್ನ ಹತ್ತಿರ ಏನೂ ಹೇಳದೆ ಮಲಗಿದ್ದರು. ಇದನ್ನು ನಾನು ಸುಲಭವಾಗಿ ಮರೆಯಲಾರೆ. ಚಿಕಿತ್ಸಕರಿಗೆ ಕೋಷ್ಟಕ ಬೇಕು, ನಿಜ. ಆದರೆ ಮೊದಲ ಎರಡು ಪುಟಗಳನ್ನು ಪರೀಕ್ಷೆಗೆ ಕುಳಿತವರ ಭಾಷೆಯಲ್ಲಿ, ಅವರನ್ನೇ ಉದ್ದೇಶಿಸಿ ಬರೆಯುವುದು ಕಷ್ಟವಲ್ಲ. ಸಮಾಲೋಚನೆಯಲ್ಲಿ ಆಡಿದ ಮಾತನ್ನೇ ಬರೆದಿದ್ದರೆ ಸಾಕಿತ್ತು. ಈ ಮಾತನ್ನು ಅವರಿಗೂ ಹೇಳಿದ್ದೇನೆ, ಅವರು ಒಪ್ಪಿ ಬರೆದುಕೊಂಡಿದ್ದಾರೆ.

ಇನ್ನೊಂದು ಸಣ್ಣ ಕೊರತೆಯೆಂದರೆ ಮುಂಚಿತವಾಗಿ ಕೊಟ್ಟ ಸೂಚನೆ. ಬರುವ ಸಮಯ ಮತ್ತು ತರಬೇಕಾದ ಹಳೆಯ ಕಾಗದಗಳಷ್ಟೇ ಅದರಲ್ಲಿದ್ದವು. ಹಿಂದಿನ ರಾತ್ರಿ ಚೆನ್ನಾಗಿ ಮಲಗಿರಬೇಕು, ಓದುವ ಕನ್ನಡಕ ಮತ್ತು ಶ್ರವಣಸಾಧನ ತರಬೇಕು, ಎಂದಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ಮನೆಯಲ್ಲಿ ಅಭ್ಯಾಸ ಮಾಡಿಸಬಾರದು ಎಂಬ ನಾಲ್ಕು ಸಾಲುಗಳನ್ನು ಸೇರಿಸಬೇಕಿತ್ತು. ಮೊದಲ ದಿನ ಎರಡೂವರೆ ಗಂಟೆಯ ನಡುವೆ ಒಂದೇ ವಿರಾಮವಿತ್ತು. ಕೊನೆಯ ಅರ್ಧ ಗಂಟೆ ತಲೆ ಓಡಲಿಲ್ಲವೆಂದು ತಂದೆಯವರು ಹೇಳಿದಾಗ, ಆ ಹೊತ್ತಿನ ಪರೀಕ್ಷೆಯ ಫಲಿತಾಂಶವನ್ನು ಎರಡನೆಯ ದಿನ ಅದೇ ಸಾಮರ್ಥ್ಯದ ಬೇರೊಂದು ಪರೀಕ್ಷೆಯಿಂದ ತಾಳೆ ನೋಡಿದರು. ಎಪ್ಪತ್ತು ದಾಟಿದವರಿಗೆ ವಿರಾಮ ಇನ್ನೂ ಹೆಚ್ಚಿರಬೇಕು.

ಯಾರಿಗೆ ಇದು ಬೇಕು ಎಂದು ಕೇಳಿದವರಿಗೆ ನನ್ನ ಉತ್ತರ ಹೀಗಿದೆ. ತಲೆಗೆ ಪೆಟ್ಟು ಬಿದ್ದು ಮತ್ತೆ ಕೆಲಸಕ್ಕೆ ಹೋಗಬೇಕಾದವರು, ಪಾರ್ಶ್ವವಾಯುವಿನ ನಂತರ ಮನೆಯವರಿಗೆ ಅರ್ಥವಾಗದಂತೆ ಬದಲಾದವರು, ಮೂರ್ಛೆರೋಗಕ್ಕೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿರುವವರು, ಮರೆವಿಗೆ ಕಾರಣ ಖಿನ್ನತೆಯೋ ಕಾಯಿಲೆಯೋ ತಿಳಿಯದೆ ಇರುವವರು ಇದನ್ನು ಮಾಡಿಸಿಕೊಳ್ಳುವುದರಲ್ಲಿ ಅರ್ಥವಿದೆ. ಕಾಯಿಲೆ ಈಗಾಗಲೇ ಬಹಳ ಮುಂದುವರಿದಿರುವವರನ್ನು ಐದು ಗಂಟೆ ಕೂರಿಸಿ ದಣಿಸುವುದು ಬೇಡ. ಅಂತಹವರಿಗೆ ಕಿರು ಪರೀಕ್ಷೆ ಮತ್ತು ಮನೆಯವರ ಜೊತೆಗಿನ ವಿವರವಾದ ಮಾತುಕತೆಯೇ ಸಾಕಾಗುತ್ತದೆ.

ಸಮಾಲೋಚನೆ ಆಗಿ ಈಗ ಏಳು ತಿಂಗಳು. ವೈದ್ಯರು ನಿದ್ರೆಯ ಮಾತ್ರೆಯನ್ನು ಬದಲಿಸಿದ್ದಾರೆ, ನಿದ್ರಾ ಪರೀಕ್ಷೆಯಲ್ಲಿ ಉಸಿರು ಕಟ್ಟುವ ತೊಂದರೆ ಖಚಿತವಾಗಿ ರಾತ್ರಿ ಉಸಿರಾಟದ ಯಂತ್ರ ಬಳಸುತ್ತಿದ್ದಾರೆ. ಬೆಳಗಿನ ಮಂಕು ಕಡಿಮೆಯಾಗಿದೆ. ಹೆಸರುಗಳು ಇನ್ನೂ ತಡವಾಗಿಯೇ ಬರುತ್ತವೆ. ಹೆಸರು ಸಿಗದೆ ಅವರು ನಿಂತಾಗ ನಾವು ಯಾರೂ ಈಗ ಅದನ್ನು ಹೇಳಿಬಿಡುವುದಿಲ್ಲ. ಮೊದಲ ಅಕ್ಷರವನ್ನು ಮಾತ್ರ ಹೇಳಿ ಕಾಯುತ್ತೇವೆ, ಹೆಚ್ಚಿನ ಸಲ ಉಳಿದದ್ದನ್ನು ಅವರೇ ಹೇಳುತ್ತಾರೆ. ಮರುಪರೀಕ್ಷೆಗೆ ಇನ್ನು ಐದು ತಿಂಗಳಿದೆ.